ರೋಸ್ ಎಂಬ ಒರಟು ಹುಡುಗಿ: ‘ವ್ಯಾಂಪೈರ್ ಅಕಾಡೆಮಿ’ಯ ಆರು ಸಂಪುಟಗಳು

ಶಿಶುವಿಹಾರದ ತರಗತಿ. ಇಬ್ಬರು ಹುಡುಗಿಯರಿಗೆ ತಮ್ಮ ಪೂರ್ತಿ ಹೆಸರು ಬರೆಯಬೇಕೆಂದು ಅಪ್ಪಣೆಯಾಗುತ್ತದೆ. ಒಬ್ಬಳು ವಾಸಿಲೀಸಾ ಡ್ರಾಗೊಮಿರ್, ಇನ್ನೊಬ್ಬಳು ರೋಸ್‌ಮೇರಿ ಹ್ಯಾಥವೇ. ಐದು ವರ್ಷದ ಮಕ್ಕಳಿಂದ ಇಷ್ಟುದ್ದದ ಹೆಸರು ಬರೆಸುವುದು ಶುದ್ಧ ಅನ್ಯಾಯವೆಂದು ಎರಡನೆಯವಳಿಗೆ ಅನ್ನಿಸುತ್ತದೆ. ಕೈಗೆ ಸಿಕ್ಕ ಪುಸ್ತಕವನ್ನು ಟೀಚರಿಗೆ ಗುರಿಯಿಟ್ಟು ಎಸೆಯುತ್ತಾಳೆ, ಅರ್ಥ ಗೊತ್ತಿಲ್ಲದ ಒಂದು ಬೈಗುಳವನ್ನೂ ಅದರ ಹಿಂದೆಯೇ ಕಳಿಸುತ್ತಾಳೆ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದ ಗೆಳತಿಯರು. ಅಮೆರಿಕದ ಲೇಖಕಿ ರಿಷೆಲ್ ಮೀಡ್ 2007ರಲ್ಲಿ ಆರಂಭಿಸಿದ ‘ವ್ಯಾಂಪೈರ್ ಅಕಾಡೆಮಿ’ ಸರಣಿಯಲ್ಲಿ ಈ ಪ್ರಸಂಗ ಕೆಲವೇ ಸಾಲಿನ ನೆನಪಾಗಿ ಬಂದು ಹೋಗುತ್ತದೆ. ನನಗೆ ಮಾತ್ರ ಆರು ಸಂಪುಟಗಳ ಬೀಜ ಅಲ್ಲೇ ಕಂಡಿತು. ರೋಸ್ ಮೊದಲು ಕೈ ಎತ್ತುತ್ತಾಳೆ, ಆಮೇಲೆ ಯೋಚಿಸುತ್ತಾಳೆ. ಕೈ ಎತ್ತುವುದು ಬಹುಮಟ್ಟಿಗೆ ಲಿಸಾಳಿಗಾಗಿ, ಅಂದರೆ ಆ ವಾಸಿಲೀಸಾಳಿಗಾಗಿ.

ಮೈಸೂರಿನಲ್ಲಿ ನನ್ನದೊಂದು ಸಣ್ಣ ಬಾಡಿಗೆ ಪುಸ್ತಕಾಲಯವಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಬೆನ್ನಿಗೆ ಚೀಲ ಹೊತ್ತ ಹುಡುಗಿಯರು ಬಂದು ಇಂಗ್ಲಿಷ್ ಕಪಾಟಿನ ಮುಂದೆ ನಿಲ್ಲುತ್ತಾರೆ. ಅವರ ಬೇಡಿಕೆ ಬಹಳ ಸ್ಪಷ್ಟ: “ಆಂಟಿ, ದೆವ್ವವೂ ಇರಬೇಕು, ಪ್ರೀತಿಯೂ ಇರಬೇಕು, ಕೊನೆಯಲ್ಲಿ ಅಳು ಬರಬೇಕು.” ಈ ಜಾತಿಯ ಪುಸ್ತಕಗಳನ್ನು ಕೊಡುವ ಮೊದಲು ನಾನೇ ಓದಿಬಿಡುತ್ತೇನೆ. ತಾಯಂದಿರು ನಾಳೆ ಬಂದು ಕೇಳಿದರೆ ಉತ್ತರ ಕೊಡಬೇಕಲ್ಲ! ಹೀಗೆ ಓದಿದವುಗಳಲ್ಲಿ ಮುಕ್ಕಾಲು ಪಾಲಿನ ನಾಯಕಿಯರಿಗೆ ಮಾಡಲು ಎರಡೇ ಕೆಲಸ. ಒಂದು, ಕತ್ತಲಲ್ಲಿ ಎಡವಿ ಬೀಳುವುದು; ಎರಡು, ನೂರಾರು ವರ್ಷ ವಯಸ್ಸಿನ ಸುಂದರಾಂಗ ಬಂದು ಎತ್ತುವವರೆಗೆ ಕಾಯುವುದು. ಅವನು ರಾತ್ರಿ ಕಿಟಕಿಯಿಂದ ಒಳಗೆ ಬಂದು ಅವಳು ನಿದ್ದೆ ಮಾಡುವುದನ್ನು ನೋಡುತ್ತ ಕುಳಿತರೆ ಅದಕ್ಕೆ ಪ್ರೇಮವೆಂದು ಹೆಸರು. ನಮ್ಮ ಬೀದಿಯಲ್ಲಿ ಯಾರಾದರೂ ಹಾಗೆ ಮಾಡಿದರೆ ಠಾಣೆಗೆ ಫೋನು ಹೋಗುತ್ತದೆ.

ಈ ರಾಶಿಯ ನಡುವೆ ರೋಸ್ ಹ್ಯಾಥವೇ ಕಣ್ಣಿಗೆ ಬೀಳದೆ ಇರಲು ಸಾಧ್ಯವಿಲ್ಲ. ಅವಳು ಕಾಯುವವಳಲ್ಲ, ಕಾಯುವ ಕೆಲಸವನ್ನೇ ವೃತ್ತಿಯಾಗಿ ಕಲಿಯುತ್ತಿರುವವಳು.

ಕಥೆಯ ಲೋಕ ಹೀಗಿದೆ. ರಕ್ತಪಿಶಾಚಿಗಳಲ್ಲಿ ಎರಡು ಬಗೆ. ಮೊರೊಯ್‌ಗಳು ಹುಟ್ಟುತ್ತಾರೆ, ಬೆಳೆಯುತ್ತಾರೆ, ಮುಪ್ಪಾಗಿ ಸಾಯುತ್ತಾರೆ. ರಕ್ತ ಕುಡಿಯುತ್ತಾರೆ, ಆದರೆ ಕೊಲ್ಲುವುದಿಲ್ಲ. ಬೆಂಕಿ, ನೀರು, ಗಾಳಿ, ಮಣ್ಣು ಈ ನಾಲ್ಕರಲ್ಲಿ ಒಂದರ ಮೇಲೆ ಅವರಿಗೆ ಹಿಡಿತ. ಸ್ಟ್ರಿಗೊಯ್‌ಗಳು ಸಾವಿಲ್ಲದವರು, ಕಣ್ಣಿನ ಪಾಪೆಯ ಸುತ್ತ ಕೆಂಪು ಬಳೆಯುಳ್ಳವರು, ಬಿಸಿಲಿಗೆ ಬರಲಾರದವರು. ಮೊರೊಯ್ ಒಬ್ಬ ರಕ್ತ ಕುಡಿಯುತ್ತ ಬೇಕೆಂದೇ ಯಾರನ್ನಾದರೂ ಕೊಂದರೆ ಆ ಕ್ಷಣವೇ ಸ್ಟ್ರಿಗೊಯ್ ಆಗುತ್ತಾನೆ. ಬಲವಂತವಾಗಿ ಮಾಡಲ್ಪಟ್ಟವರೂ ಇದ್ದಾರೆ. ಈ ಎರಡೂ ಹೆಸರುಗಳು ರುಮೇನಿಯಾದ ಜನಪದ ನಂಬಿಕೆಗಳಲ್ಲಿ ಇರುವಂಥವು. ಲೇಖಕಿ ತೌಲನಿಕ ಧರ್ಮಗಳ ಅಧ್ಯಯನ ಮಾಡಿದವರು, ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದವರು. ಎರಡೂ ಅನುಭವ ಪುಸ್ತಕದಲ್ಲಿ ಎದ್ದು ಕಾಣುತ್ತದೆ. ಮೊದಲನೆಯದರಿಂದ ಪಿಶಾಚಿಗಳ ವಂಶಾವಳಿ ಬಂತು, ಎರಡನೆಯದರಿಂದ ಹದಿಹರೆಯದವರು ಊಟದ ಹಾಲಿನಲ್ಲಿ ಒಬ್ಬರನ್ನೊಬ್ಬರು ಕಣ್ಣಲ್ಲೇ ಕೊಲ್ಲುವ ಪರಿ.

ಇವೆರಡರ ನಡುವೆ ಮೂರನೆಯ ಕುಲವೊಂದಿದೆ, ಧಂಪೀರ್. ಮನುಷ್ಯರ ಮತ್ತು ರಕ್ತಪಿಶಾಚಿಗಳ ಬೆರಕೆ. ಮನುಷ್ಯರ ಗಟ್ಟಿತನವೂ ಪಿಶಾಚಿಗಳ ಚುರುಕೂ ಇವರಿಗುಂಟು. ಆದರೆ ಇಬ್ಬರು ಧಂಪೀರರು ಸೇರಿ ಮಕ್ಕಳನ್ನು ಹುಟ್ಟಿಸಲಾರರು. ಮೊರೊಯ್‌ಗಳು ಇದ್ದರಷ್ಟೇ ಇವರ ಸಂತತಿ. ಆದ್ದರಿಂದ ಸ್ಟ್ರಿಗೊಯ್‌ಗಳಿಂದ ಮೊರೊಯ್‌ಗಳನ್ನು ಕಾಪಾಡುವುದೇ ಇವರ ಹುಟ್ಟುಗೆಲಸ. ಒಡೆಯರ ಜೀವ ಮೊದಲು, ತಮ್ಮದು ಆಮೇಲೆ ಎಂಬುದನ್ನು ಎಳವೆಯಿಂದಲೇ ಬಾಯಿಪಾಠ ಮಾಡಿಸುತ್ತಾರೆ. ಧಂಪೀರ್ ಹೆಂಗಸರಲ್ಲಿ ಹೆಚ್ಚಿನವರು ಅಂಗರಕ್ಷಕಿಯರಾಗದೆ ಎಲ್ಲೋ ದೂರದ ಊರಿನಲ್ಲಿ ಮಕ್ಕಳನ್ನು ಸಾಕಿಕೊಂಡಿರುತ್ತಾರೆ. ಅವರನ್ನು ಕುರಿತು ಕುಲೀನರು ಆಡುವ ಮಾತು ಕೇಳಿದರೆ ಮೈ ಉರಿಯುತ್ತದೆ. ಹುಟ್ಟಿನಿಂದಲೇ ಕೆಲಸ, ಹುಟ್ಟಿನಿಂದಲೇ ಮೇಲು ಕೀಳು, ಕೆಳಗಿನವನ ಬಲದ ಮೇಲೆ ಮೇಲಿನವನ ಬದುಕು. ಈ ಏರ್ಪಾಟನ್ನು ನಮ್ಮ ಹುಡುಗಿಯರಿಗೆ ನಾನು ಬಿಡಿಸಿ ಹೇಳಬೇಕಾಗಿಯೇ ಬರಲಿಲ್ಲ.

ರೋಸ್ ಧಂಪೀರ್. ಲಿಸಾ ಮೊರೊಯ್ ರಾಜಕುಮಾರಿ. ಹನ್ನೆರಡು ರಾಜಮನೆತನಗಳಲ್ಲಿ ಡ್ರಾಗೊಮಿರ್ ಮನೆತನಕ್ಕೆ ಉಳಿದಿರುವ ಒಂದೇ ಕುಡಿ. ಕಾರಿನ ಅಪಘಾತವೊಂದರಲ್ಲಿ ಅವಳ ಅಪ್ಪ, ಅಮ್ಮ, ಅಣ್ಣ ಮೂವರೂ ಸತ್ತಿದ್ದಾರೆ. ಹಿಂದಿನ ಸೀಟಿನಲ್ಲಿದ್ದ ರೋಸ್ ಬದುಕಿದ್ದಾಳೆ. ಆ ಅಪಘಾತದ ನಂತರ ರೋಸ್‌ಗೆ ಲಿಸಾಳ ಮನಸ್ಸಿನಲ್ಲಿ ನಡೆಯುವುದೆಲ್ಲ ತಿಳಿಯುತ್ತದೆ. ಒಮ್ಮೊಮ್ಮೆ ಲಿಸಾಳ ತಲೆಯೊಳಗೇ ಎಳೆದುಕೊಂಡು ಹೋದಂತಾಗಿ, ಅವಳ ಕಣ್ಣಿನಿಂದ ನೋಡುತ್ತಾಳೆ. ಇದು ಒಮ್ಮುಖದ ದಾರಿ, ಲಿಸಾಳಿಗೆ ರೋಸ್‌ಳ ಮನಸ್ಸು ಕಾಣುವುದಿಲ್ಲ. ಯಾವುದೋ ಅಪಾಯದ ಸುಳಿವು ಸಿಕ್ಕಿ ಇಬ್ಬರೂ ಮೊಂಟಾನಾದ ಬೆಟ್ಟಗಳ ನಡುವಿನ ಸೇಂಟ್ ವ್ಲಾದಿಮಿರ್ ಶಾಲೆಯಿಂದ ಓಡಿಹೋಗಿದ್ದಾರೆ. ಎರಡು ವರ್ಷದ ಅಲೆದಾಟದ ನಂತರ ಪೋರ್ಟ್‌ಲ್ಯಾಂಡಿನಲ್ಲಿ ಸಿಕ್ಕಿಬಿದ್ದು ಶಾಲೆಗೆ ಮರಳುವುದರಿಂದ ಮೊದಲ ಸಂಪುಟ ಆರಂಭ. ಯಾಕೆ ಓಡಿದಿರಿ ಎಂದು ಎಲ್ಲರೂ ಕೇಳುತ್ತಾರೆ. ರೋಸ್ ಬಾಯಿ ಬಿಡುವುದಿಲ್ಲ. ತಪ್ಪೆಲ್ಲ ತನ್ನದೆಂದು ಒಪ್ಪಿಕೊಂಡು ಶಿಕ್ಷೆ ನುಂಗುತ್ತಾಳೆ. ಮಾತಿನಲ್ಲಿ ಯಾರಿಗೂ ಸೋಲದ ಹುಡುಗಿ ಹೇಳಬೇಕಾದ ಒಂದೇ ಒಂದು ಮಾತನ್ನು ಹೇಳದೆ ಹಲ್ಲು ಕಚ್ಚಿ ನಿಂತಿರುವ ಈ ಪುಟಗಳಲ್ಲೇ ಅವಳು ನನಗೆ ಇಷ್ಟವಾದದ್ದು.

ಇಲ್ಲಿಂದ ಮುಂದೆ ಕಥೆಯ ಗುಟ್ಟು ಒಂದಷ್ಟು ಹೊರಬೀಳುತ್ತದೆ. ಬೇಡವಾದವರು ಕೊನೆಯ ಎರಡು ಪ್ಯಾರಾಗಳಿಗೆ ಹಾರಬಹುದು.

ಲಿಸಾ ಸತ್ತ ಕಾಗೆಯನ್ನು ಬದುಕಿಸಬಲ್ಲಳು. ಅವಳ ಹಿಡಿತ ನಾಲ್ಕು ಭೂತಗಳಲ್ಲಿ ಯಾವುದರ ಮೇಲೂ ಅಲ್ಲ, ಎಲ್ಲರೂ ಮರೆತಿದ್ದ ಐದನೆಯದಾದ ಆತ್ಮದ ಮೇಲೆ. ಅಪಘಾತದಲ್ಲಿ ರೋಸ್ ಉಳಿದದ್ದಲ್ಲ, ಸತ್ತಿದ್ದಳು. ಲಿಸಾ ತಿಳಿಯದೆಯೇ ಅವಳನ್ನು ಹಿಂದಕ್ಕೆ ಎಳೆದು ತಂದಿದ್ದಳು. ಇಂಥ ಶಕ್ತಿಯನ್ನು ಈ ಬಗೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ವರವೆಂದು ಬರೆಯುತ್ತಾರೆ. ಇಲ್ಲಿ ಅದಕ್ಕೆ ಬೆಲೆಯಿದೆ. ಒಂದೊಂದು ಸಲ ಬಳಸಿದಾಗಲೂ ಲಿಸಾಳ ಮನಸ್ಸು ಕತ್ತಲೆಗೆ ಜಾರುತ್ತದೆ. ಬಾಗಿಲು ಹಾಕಿಕೊಂಡು ಬ್ಲೇಡಿನಿಂದ ತನ್ನ ತೋಳನ್ನು ತಾನೇ ಕೊಯ್ದುಕೊಳ್ಳುತ್ತಾಳೆ. ರೋಸ್‌ಗೆ ಅದು ಗೊತ್ತಾಗುವುದು ಆ ಬಂಧದ ಮೂಲಕ, ಇನ್ನೊಂದು ಕಟ್ಟಡದಲ್ಲಿ ಇದ್ದುಕೊಂಡು. ಓಡುತ್ತಾಳೆ. ಲೇಖಕಿ ಇಲ್ಲಿ ಒಂದು ಹನಿ ಸಕ್ಕರೆಯನ್ನೂ ಬೆರೆಸಿಲ್ಲ. ಕೊಯ್ದುಕೊಳ್ಳುವುದು ಚೆಂದದ ದುಃಖವಾಗಿ ಕಾಣುವುದಿಲ್ಲ, ಕಾಯಿಲೆಯಾಗಿಯೇ ಕಾಣುತ್ತದೆ. ಅದಕ್ಕೆ ಮದ್ದು ಪ್ರಿಯಕರನ ಮುತ್ತಲ್ಲ, ವೈದ್ಯರು ಬರೆದುಕೊಟ್ಟ ಮಾತ್ರೆ. ಮಾತ್ರೆ ನುಂಗಿದರೆ ಮನಸ್ಸು ತಿಳಿಯಾಗುತ್ತದೆ, ಮಾಂತ್ರಿಕ ಶಕ್ತಿಯೂ ಹೋಗುತ್ತದೆ. ಲಿಸಾ ಮೊದಲ ಸಂಪುಟದ ಕೊನೆಗೆ ಮಾತ್ರೆಯನ್ನೇ ಆರಿಸಿಕೊಳ್ಳುತ್ತಾಳೆ. ಹದಿನಾರರ ಹುಡುಗಿಯರು ಓದುವ ಪಿಶಾಚಿ ಕಥೆಯೊಂದು ಇಷ್ಟು ವಿವೇಕದಿಂದ ನಡೆದುಕೊಳ್ಳುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ. ತ್ರಿವೇಣಿಯವರನ್ನು ಓದಿ ಬೆಳೆದ ನನ್ನ ತಲೆಮಾರಿಗೆ ಹೆಣ್ಣಿನ ಮನೋವ್ಯಾಧಿ ಕಾದಂಬರಿಯ ವಸ್ತುವಾಗುವುದು ಹೊಸದೇನಲ್ಲ. ಆದರೂ ಇಲ್ಲಿ ಅದನ್ನು ನೋಡುತ್ತಿರುವವಳು ಗಂಡನಲ್ಲ, ಅತ್ತೆಯಲ್ಲ, ವೈದ್ಯನೂ ಅಲ್ಲ. ಒಳಗಿನಿಂದಲೇ ನೋಡಬಲ್ಲ ಗೆಳತಿ. ಹಾಗಾಗಿ ಕಥೆ ಹೇಳುವ ನೋಟವೇ ಬೇರೆಯಾಗಿದೆ.

ಮತ್ತೊಂದು ಪ್ರಸಂಗವನ್ನು ಹೇಳಲೇಬೇಕು. ಶಾಲೆಗೆ ಮರಳಿದ ರೋಸ್ ಮೇಲೆ ಇಬ್ಬರು ಹುಡುಗರು ಸುಳ್ಳು ಸುದ್ದಿ ಹಬ್ಬಿಸುತ್ತಾರೆ. ಅವಳು ತಮ್ಮೊಡನೆ ಮಲಗಿದಳು, ರಕ್ತವನ್ನೂ ಕುಡಿಯಗೊಟ್ಟಳು ಎಂದು. ಆ ಸಮಾಜದಲ್ಲಿ ಇದಕ್ಕಿಂತ ಕೀಳಾದ ಆರೋಪ ಇನ್ನೊಂದಿಲ್ಲ. ಸುಳ್ಳನ್ನು ಹುಟ್ಟಿಸಿದವಳು ಮಿಯಾ ಎಂಬ ಇನ್ನೊಬ್ಬ ವಿದ್ಯಾರ್ಥಿನಿ. ಕಾರಿಡಾರಿನಲ್ಲಿ ನಡೆದರೆ ನಗು, ತಟ್ಟೆ ಹಿಡಿದು ಕುಳಿತರೆ ಪಿಸುಮಾತು. ಸ್ಟ್ರಿಗೊಯ್‌ಗೆ ಹೆದರದ ಹುಡುಗಿ ಇದಕ್ಕೆ ಕುಗ್ಗಿಹೋಗುತ್ತಾಳೆ, ಅಳುತ್ತಾಳೆ, ಮರುದಿನ ತರಗತಿಗೆ ಹೋಗುತ್ತಾಳೆ. ಗಮನಿಸಿ, ಇಲ್ಲಿ ಗುದ್ದಾಟವಿಲ್ಲ. ಮರುದಿನ ಅದೇ ಕಾರಿಡಾರಿನಲ್ಲಿ ಮತ್ತೆ ನಡೆಯುವುದೇ ಅವಳ ಶೌರ್ಯ. ಪುಸ್ತಕ ಹಿಂದಿರುಗಿಸುವಾಗ ಹುಡುಗಿಯರು ನನ್ನ ಮೇಜಿನ ಎದುರು ನಿಂತು ಮಾತಾಡುವುದು ಪಿಶಾಚಿಗಳ ಬಗ್ಗೆ ಅಲ್ಲ, ಈ ಪ್ರಸಂಗದ ಬಗ್ಗೆ. ಯಾರ ಹೆಸರೂ ಹೇಳದೆ, “ನಮ್ಮ ಶಾಲೆಯಲ್ಲೂ ಹೀಗೇ” ಎಂದು ಮಾತ್ರ ಹೇಳಿ ಕಾರ್ಡಿಗೆ ಸಹಿ ಹಾಕಿ ಹೋಗುತ್ತಾರೆ. ಅವರ ಫೋನಿನಲ್ಲಿ ಏನೇನು ಓಡಾಡುತ್ತಿರುತ್ತದೋ!

ಇನ್ನು ಪ್ರೇಮದ ಕಡೆಗೆ ಬರೋಣ. ನನ್ನ ತಕರಾರು ಇರುವುದು ಇಲ್ಲೇ.

ರೋಸ್‌ಗೆ ಹದಿನೇಳು. ದಿಮಿತ್ರಿ ಬೆಲಿಕೊವ್‌ಗೆ ಇಪ್ಪತ್ನಾಲ್ಕು. ರಷ್ಯಾದವನು, ಆರಡಿ ಮೀರಿದ ಎತ್ತರ, ಉದ್ದನೆಯ ಕೋಟು, ಬಿಡುವಾದರೆ ಅಮೆರಿಕದ ಕೌಬಾಯ್ ಕಾದಂಬರಿ ಓದುವ ಖಯಾಲಿ. ಈ ಕಾದಂಬರಿ ಓದುವ ವಿವರ ಮಜವಾಗಿದೆ. ರೋಸ್ ಅದನ್ನು ಹಿಡಿದು ಅವನನ್ನು ಸಾಕಷ್ಟು ಗೇಲಿ ಮಾಡುತ್ತಾಳೆ. ಆದರೆ ಅವನು ಅವಳ ತರಬೇತುದಾರ. ಶಾಲೆಯ ಮೊದಲು, ಶಾಲೆಯ ನಂತರ ಅವಳಿಗೆ ಹೊಡೆದಾಟ ಕಲಿಸಲು ನೇಮಕವಾದವನು. ಇಬ್ಬರ ನಡುವೆ ಹುಟ್ಟುವುದು ಪ್ರೇಮವೇ ಇರಬಹುದು, ಲೇಖಕಿ ಬರೆದಿರುವ ರೀತಿಗೆ ಎದೆ ಬಡಿತ ಏರುವುದೂ ನಿಜ. ಆದರೆ ಗುರು ಶಿಷ್ಯೆ, ಹದಿನೇಳು ಇಪ್ಪತ್ನಾಲ್ಕು. ನಮ್ಮ ದೇಶದ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವಳು ಮಗು. ಇಬ್ಬರಿಗೂ ಇದು ತಪ್ಪೆಂದು ಗೊತ್ತಿದೆ, ಅವನು ಹಿಂಜರಿಯುತ್ತಾನೆ, ಪುಸ್ತಕ ಅದನ್ನು ಮುಚ್ಚಿಡುವುದಿಲ್ಲ. ಹಾಗಿದ್ದೂ ಆ ಹಿಂಜರಿಕೆಯೇ ಪ್ರೇಮಕ್ಕೆ ಇನ್ನಷ್ಟು ಬಣ್ಣ ಕಟ್ಟುವಂತೆ ಕಥೆ ಹೆಣೆದಿದೆ. ‘ಎಷ್ಟು ತಡೆದುಕೊಂಡ, ಪಾಪ’ ಎಂದು ಓದುವವಳು ಅವನಿಗಾಗಿ ಮರುಗಬೇಕು, ಹಾಗಿದೆ ವರಸೆ. ನನಗೆ ಮರುಕ ಬರಲಿಲ್ಲ. ವಯಸ್ಸಿನಲ್ಲಿ ದೊಡ್ಡವನು, ಅಧಿಕಾರದಲ್ಲಿ ಮೇಲಿನವನು ಅವನೇ. ತಡೆದುಕೊಳ್ಳುವುದು ಅವನ ದೊಡ್ಡತನವಲ್ಲ, ಕರ್ತವ್ಯ. ಟ್ಯೂಷನ್ ಮೇಷ್ಟರ ಮೇಲೆ ಮನಸ್ಸಿಟ್ಟಿರುವ ಹುಡುಗಿ ಇದನ್ನು ಓದಿದರೆ ಏನು ತಿಳಿದುಕೊಳ್ಳಬಹುದು ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಪುಸ್ತಕವನ್ನು ಕಪಾಟಿನಿಂದ ತೆಗೆದಿಲ್ಲ. ಕೇಳಿದವರಿಗೆ ಇದನ್ನು ಹೇಳಿಯೇ ಕೊಡುತ್ತೇನೆ.

ದಿಮಿತ್ರಿಯ ಪಾತ್ರದಲ್ಲಿ ಹುರುಳೇ ಇಲ್ಲವೆಂದಲ್ಲ. ಅವನ ತಾಯಿ ಧಂಪೀರ್, ತಂದೆ ಮೊರೊಯ್. ಆಗಾಗ ಬಂದು ತಾಯಿಯನ್ನು ಹೊಡೆಯುತ್ತಿದ್ದ ಆ ತಂದೆಯನ್ನು ಹದಿಮೂರರ ಹುಡುಗ ದಿಮಿತ್ರಿ ತಿರುಗಿ ಹೊಡೆದು ಅಟ್ಟಿದ್ದಾನೆ. ಅದನ್ನು ರೋಸ್‌ಗೆ ಹೇಳುವಾಗ ಅವನ ದನಿಯಲ್ಲಿ ಬೀಗುವಿಕೆ ಇಲ್ಲ. ಅವನು ಕಲಿಸುವ ರೀತಿಯೂ ಚೆನ್ನಾಗಿದೆ. ಹೊಡೆಯುವುದನ್ನು ಕಲಿಸೆಂದು ರೋಸ್ ಹಟ ಹಿಡಿದರೆ ಅವನು ಓಡಿಸುತ್ತಾನೆ. ಚಳಿಯಲ್ಲಿ, ಮೈದಾನದ ಸುತ್ತ, ಮತ್ತೆ ಮತ್ತೆ. ಸ್ಟ್ರಿಗೊಯ್ ಎದುರಾದಾಗ ಮೊದಲು ಮಾಡಬೇಕಾದದ್ದು ಓಡುವುದು ಎಂಬುದು ಅವನ ಪಾಠ. ಅವಳು ಗೊಣಗುತ್ತಾಳೆ, ಅವನ ತತ್ತ್ವಜ್ಞಾನವನ್ನು ಅಣಕಿಸುತ್ತಾಳೆ, ಓಡುತ್ತಾಳೆ. ಸಂಪುಟಗಳು ಮುಂದುವರಿದಂತೆ ಅವಳ ಮೈಯಲ್ಲಿ ಆಗುವ ಬದಲಾವಣೆಗಿಂತ ಕೈ ಎತ್ತುವ ಮುಂಚಿನ ಕ್ಷಣದಲ್ಲಿ ಆಗುವ ಬದಲಾವಣೆ ದೊಡ್ಡದು. ಆ ಕ್ಷಣ ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತದೆ.

ಎರಡನೆಯ ಸಂಪುಟ ‘ಫ್ರಾಸ್ಟ್‌ಬೈಟ್’, 2008. ಮೊದಲರ್ಧ ಮಂದ. ಹಿಮದ ಮೇಲಿನ ಆಟ, ರೆಸಾರ್ಟು, ಅಸೂಯೆ. ಓದಿದವರು ಅರ್ಧಕ್ಕೆ ಬಿಟ್ಟು ತಂದುಕೊಡುವುದು ಇದನ್ನೇ. ನಾನು ಬೈದು ವಾಪಸು ಕಳಿಸುತ್ತೇನೆ, ಯಾಕೆಂದರೆ ಇದರಲ್ಲೇ ರೋಸ್‌ಳ ಅಮ್ಮ ಬರುತ್ತಾಳೆ. ಜನೀನ್ ಹ್ಯಾಥವೇ, ಹೆಸರಾಂತ ಅಂಗರಕ್ಷಕಿ, ಮಗಳನ್ನು ನಾಲ್ಕನೆಯ ವಯಸ್ಸಿಗೆ ಶಾಲೆಯಲ್ಲಿ ಬಿಟ್ಟು ಕೆಲಸಕ್ಕೆ ಹೋದವಳು. ತರಗತಿಯಲ್ಲಿ ಎಲ್ಲರೆದುರು ಮಗಳೊಂದಿಗೆ ಪ್ರಾತ್ಯಕ್ಷಿಕೆಗೆ ನಿಂತು, ಕಣ್ಣಿಗೆ ಏಟು ಬೀಳುವಂತೆ ಹೊಡೆದುಬಿಡುತ್ತಾಳೆ. ಮಗಳು ಕಪ್ಪಾದ ಕಣ್ಣು ಹೊತ್ತು ಶಾಲೆಯೆಲ್ಲ ತಿರುಗುತ್ತಾಳೆ. ಕ್ರಿಸ್‌ಮಸ್‌ಗೆ ಅದೇ ಅಮ್ಮ ಕೊಡುವುದು ನೀಲಿ ಗಾಜಿನ ಕಣ್ಣಿರುವ ಪದಕ, ಟರ್ಕಿಯ ಕಡೆ ದೃಷ್ಟಿ ತಾಗದಿರಲೆಂದು ಧರಿಸುವ ನಝರ್. ಒಲಿಯಲು ಬಾರದ ತಾಯಿಯೊಬ್ಬಳು ತನಗೆ ತೋಚಿದ ರೀತಿಯಲ್ಲಿ ಮಗಳನ್ನು ಕಾಯಲು ನೋಡುತ್ತಾಳೆ. ಮಗಳಿಗೆ ಆಗ ಅದು ಅರ್ಥವಾಗುವುದಿಲ್ಲ. ಆ ಪದಕ ಯಾರ ಮೂಲದ್ದು ಎಂಬುದಕ್ಕೆ ಉತ್ತರ ಬಹಳ ಮುಂದಿನ ಸಂಪುಟದಲ್ಲಿದೆ.

ಇದರ ಕೊನೆಯಲ್ಲಿ ಒಂದು ಸಾವಿದೆ. ರೋಸ್ ಬಾಯಿಬಿಟ್ಟ ಗುಟ್ಟಿನಿಂದ ಗೆಳೆಯ ಮೇಸನ್ ದುಡುಕಿ ಸ್ಪೊಕೇನ್ ಊರಿಗೆ ಸ್ಟ್ರಿಗೊಯ್‌ಗಳನ್ನು ಬೇಟೆಯಾಡಲು ಹೋಗುತ್ತಾನೆ, ಎಲ್ಲರೂ ಸೆರೆಯಾಗುತ್ತಾರೆ. ಸೆರೆಯಿಂದ ಬಿಡಿಸಿಕೊಂಡು ಓಡುವಾಗ ರೋಸ್ ಮತ್ತೆ ಸ್ಟ್ರಿಗೊಯ್‌ಗಳಿಗೆ ಎದುರಾಗುತ್ತಾಳೆ. ಮೇಸನ್‌ನ ಕುತ್ತಿಗೆ ಮುರಿಯುವುದನ್ನು ಕಣ್ಣಾರೆ ನೋಡುತ್ತಾಳೆ. ಕೈಗೆ ಸಿಕ್ಕ ಮೊಂಡು ಕತ್ತಿಯಿಂದ ಇಬ್ಬರು ಸ್ಟ್ರಿಗೊಯ್‌ಗಳ ತಲೆ ಕಡಿಯುತ್ತಾಳೆ. ಮೊಂಡು ಕತ್ತಿ, ಒಂದೇ ಏಟಿಗೆ ಆಗುವ ಕೆಲಸವಲ್ಲ. ಹೊಡೆದಾಟದ ದೃಶ್ಯಗಳನ್ನು ನಾನು ಸಾಮಾನ್ಯವಾಗಿ ಹಾರಿಸಿ ಓದುತ್ತೇನೆ, ಇದನ್ನು ಹಾರಿಸಲಾಗಲಿಲ್ಲ. ಸಹಾಯಕ್ಕೆ ಬಂದವರು ಬಾಗಿಲು ದಾಟಿದಾಗ ಅವಳು ಗೆಳೆಯನ ಹೆಣದ ಬಳಿ ಕತ್ತಿ ಹಿಡಿದು ನಿಂತಿದ್ದಾಳೆ, ತನ್ನವರನ್ನೂ ಹತ್ತಿರ ಬಿಡುತ್ತಿಲ್ಲ. ಕೊಂದದ್ದಕ್ಕೆ ಅವಳ ಕತ್ತಿನ ಹಿಂಭಾಗಕ್ಕೆ ಎರಡು ಮಿಂಚಿನ ಗುರುತು ಹಚ್ಚೆ ಹಾಕುತ್ತಾರೆ, ಅದು ಅವರಲ್ಲಿ ಬಿರುದು. ಮೊದಲ ಪುಟಗಳಲ್ಲಿ ಆ ಹಚ್ಚೆಗಾಗಿ ಹಾತೊರೆಯುತ್ತಿದ್ದವಳಿಗೆ ಈಗ ಅದು ಬೇಕಾಗಿಲ್ಲ.

ಮೂರನೆಯದು ‘ಷ್ಯಾಡೋ ಕಿಸ್’. ನನ್ನ ಲೆಕ್ಕದಲ್ಲಿ ಆರರಲ್ಲಿ ಇದೇ ಶ್ರೇಷ್ಠ. ಸ್ಟ್ರಿಗೊಯ್‌ಗಳು ಶಾಲೆಯ ಮೇಲೇ ಮುಗಿಬೀಳುವ ಅಧ್ಯಾಯಗಳಿವೆ. ಮೊರೊಯ್‌ಗಳು ಮಾಂತ್ರಿಕ ಶಕ್ತಿಯನ್ನು ಯುದ್ಧಕ್ಕೆ ಬಳಸಬಾರದೆಂಬುದು ಹಳೆಯ ಕಟ್ಟಳೆ. ಕ್ರಿಸ್ಟಿಯನ್ ಓಜೆರಾ ಎಂಬ ಹುಡುಗ ಅದನ್ನು ಮುರಿಯುತ್ತಾನೆ. ಅವನ ತಂದೆತಾಯಿ ತಾವಾಗಿಯೇ ಸ್ಟ್ರಿಗೊಯ್ ಆದವರು. ಆ ಕಾರಣಕ್ಕೆ ಶಾಲೆಯಲ್ಲಿ ಯಾರೂ ಅವನ ಪಕ್ಕ ಕೂರುವುದಿಲ್ಲ. ಅವನು ಶತ್ರುಗಳಿಗೆ ಬೆಂಕಿ ಹಚ್ಚುತ್ತಾನೆ, ಅವರು ತತ್ತರಿಸುವಷ್ಟರಲ್ಲಿ ರೋಸ್ ಬೆಳ್ಳಿಯ ಶೂಲವನ್ನು ಎದೆಗೆ ಇಳಿಸುತ್ತಾಳೆ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದ ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ರಾತ್ರಿ ಕಳೆಯುವ ಆ ಪುಟಗಳು ಪ್ರೇಮದ ದೃಶ್ಯಗಳಿಗಿಂತ ಬಿಸಿಯಾಗಿವೆ. ಲಿಸಾಳ ಕತ್ತಲೆಯನ್ನು ರೋಸ್ ಬಂಧದ ಮೂಲಕ ತನ್ನೊಳಕ್ಕೆ ಎಳೆದುಕೊಳ್ಳುತ್ತಿದ್ದಾಳೆ ಎಂಬುದು ಇಲ್ಲಿ ಬಯಲಾಗುತ್ತದೆ. ಹಾಗೆ ಇನ್ನೊಬ್ಬರ ನೋವನ್ನು ನುಂಗುತ್ತ ಹೋದರೆ ನುಂಗಿದವಳ ಗತಿಯೇನು? ರೋಸ್‌ಳ ಸಿಟ್ಟು ಅವಳ ಹಿಡಿತ ಮೀರುತ್ತದೆ. ಗೆಳತಿಗಾಗಿ ಸರ್ವಸ್ವವನ್ನೂ ಕೊಡುವವಳನ್ನು ಹೊಗಳಿ ಮುಗಿಸಿಬಿಡುವುದು ಸುಲಭವಿತ್ತು. ಮೀಡ್ ಹಾಗೆ ಮಾಡದೆ ಆ ಕೊಡುವಿಕೆಯ ಲೆಕ್ಕವನ್ನು ಕೇಳುತ್ತಾರೆ. ಈ ಸಂಪುಟದ ಕೊನೆಯಲ್ಲಿ ಏನಾಗುತ್ತದೆಂದು ನಾನು ಹೇಳುವುದಿಲ್ಲ. ಅದನ್ನು ಓದಿ ಮುಗಿಸಿದವರು ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ನಾಲ್ಕನೆಯದಕ್ಕೆ ಬಂದು ನಿಂತಿರುತ್ತಾರೆ.

ನಾಲ್ಕನೆಯದು, 2009ರ ‘ಬ್ಲಡ್ ಪ್ರಾಮಿಸ್’, ಎರಡು ಕಾದಂಬರಿಗಳನ್ನು ಹೊಲಿದ ಹಾಗಿದೆ. ಹದಿನೆಂಟು ತುಂಬಿದ ದಿನವೇ ರೋಸ್ ಶಾಲೆ ಬಿಟ್ಟು, ಹಿಂದೊಮ್ಮೆ ಆಡಿದ ಮಾತು ಉಳಿಸಿಕೊಳ್ಳಲು ರಷ್ಯಾಕ್ಕೆ ಹೋಗುತ್ತಾಳೆ. ಸೇಂಟ್ ಪೀಟರ್ಸ್‌ಬರ್ಗ್, ಅಲ್ಲಿಂದ ಸೈಬೀರಿಯಾದ ಒಂದು ಸಣ್ಣ ಊರು, ಆಮೇಲೆ ನೊವೊಸಿಬಿರ್ಸ್ಕ್. ಸಣ್ಣ ಊರಿನ ಧಂಪೀರ್ ಹೆಂಗಸರ ಸಂಸಾರ ಸೊಗಸಾಗಿದೆ. ಅಡುಗೆಮನೆಯ ಗದ್ದಲ, ಎಲ್ಲವನ್ನೂ ಮುಂಚೆಯೇ ಕಂಡಂತೆ ಮಾತಾಡುವ ಅಜ್ಜಿ, ಸೊಸೆಯಂತೆ ರೋಸ್‌ಳನ್ನು ಒಳಗೆ ಕರೆದುಕೊಳ್ಳುವ ತಾಯಿ. ನೊವೊಸಿಬಿರ್ಸ್ಕಿನ ಭಾಗದಲ್ಲಿ ಅವಳು ಸೆರೆಯಾಗುತ್ತಾಳೆ. ಸೆರೆಯಲ್ಲಿಟ್ಟವನು ಅವಳು ಪ್ರೀತಿಸಿದವನೇ. ಕಡಿತದಿಂದ ಮೈಗೇರುವ ಅಮಲಿಗೆ ದಿನದಿನವೂ ಒಗ್ಗಿಹೋಗುತ್ತ, ಬಾಗಿಲಾಚೆಗೆ ಲೋಕವಿದೆ ಎಂಬುದನ್ನೇ ಮರೆಯುತ್ತ ಬರುತ್ತಾಳೆ. ಹಿಂಸಿಸುವ ಪ್ರಿಯಕರನ ಮನೆಯಲ್ಲಿ ಹೆಣ್ಣೊಬ್ಬಳು ಹೇಗೆ ಉಳಿದುಬಿಡುತ್ತಾಳೆ, ಬುದ್ಧಿವಂತೆ, ಬಲಶಾಲಿಯಾದವಳೂ ಕೂಡ, ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಚಿತ್ರವನ್ನು ದೊಡ್ಡವರ ಕಾದಂಬರಿಗಳಲ್ಲೂ ನಾನು ಹೆಚ್ಚಾಗಿ ಕಂಡಿಲ್ಲ. ಅವಳು ಹೊರಬರುವುದು ಮಹಾ ಸಾಹಸದಿಂದಲ್ಲ. ಒಂದು ಹೊತ್ತು ಕಡಿತ ತಪ್ಪಿ, ಅಮಲು ಇಳಿದು, ತಲೆ ಒಂದಿಷ್ಟು ತಿಳಿಯಾಗುತ್ತದೆ. ಆ ಸಣ್ಣ ಬಿಡುವನ್ನು ಅವಳು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ. ದಿಮಿತ್ರಿಯ ಅಭಿಮಾನಿಗಳಿಗೆ ಈ ಭಾಗ ಹಿಡಿಸುವುದಿಲ್ಲ. ನಾನು ಪ್ರೇಮದ ಬಗ್ಗೆ ಎತ್ತಿದ ತಕರಾರಿಗೆ ಲೇಖಕಿಯೇ ಕೊಟ್ಟ ಉತ್ತರ ಇದೆಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಕೊನೆಯ ಎರಡು, ‘ಸ್ಪಿರಿಟ್ ಬೌಂಡ್’ ಮತ್ತು ‘ಲಾಸ್ಟ್ ಸ್ಯಾಕ್ರಿಫೈಸ್’, ಎರಡೂ 2010ರವು. ರಾಣಿಯ ಕೊಲೆ, ರೋಸ್ ಮೇಲೆ ಆರೋಪ, ತಲೆಮರೆಸಿಕೊಂಡು ಓಡಾಟ. ಪತ್ತೇದಾರಿ ಭಾಗ ಅಷ್ಟಕ್ಕಷ್ಟೆ. ರಾಜಸಭೆಯ ರಾಜಕೀಯ ಮಾತ್ರ ರುಚಿಸಿತು. ಧಂಪೀರರನ್ನು ಹದಿನೆಂಟರ ಬದಲು ಹದಿನಾರಕ್ಕೇ ಕಾವಲಿಗೆ ಕಳಿಸುವ ಕಾನೂನು ಬರುತ್ತದೆ. ಕೈ ಎತ್ತಿ ಒಪ್ಪಿಗೆ ಕೊಡುವವರಲ್ಲಿ ಕಾವಲಿಗೆ ಹೋಗಬೇಕಾದವರು ಒಬ್ಬರೂ ಇಲ್ಲ. ಮನೆತನದಲ್ಲಿ ಇನ್ನೊಬ್ಬರಿಲ್ಲವೆಂಬ ಒಂದೇ ಕಾರಣಕ್ಕೆ ಲಿಸಾಳಿಗೆ ಮತದ ಹಕ್ಕಿಲ್ಲ. ಆ ಸಭೆಯಲ್ಲಿ ರೋಸ್ ಎದ್ದು ನಿಂತು ಕೂಗಾಡುವಾಗ ಐದು ವರ್ಷದ ಹುಡುಗಿ ಪುಸ್ತಕ ಎಸೆದದ್ದು ನೆನಪಾಗುತ್ತದೆ. ಕೊಲೆಗಾರರು ಯಾರೆಂಬುದನ್ನು ನಾನು ಊಹಿಸಿರಲಿಲ್ಲ, ಗೊತ್ತಾದ ಮೇಲೆ ಅಷ್ಟೇನೂ ಒಪ್ಪಿಗೆಯೂ ಆಗಲಿಲ್ಲ. ಕಥೆಗೆ ಕೊಲೆಗಾರರು ಬೇಕಿತ್ತು, ಹತ್ತಿರ ಇದ್ದವರನ್ನು ಹಿಡಿದುಕೊಂಡಂತಿದೆ.

ಆಡ್ರಿಯನ್ ಇವಾಷ್ಕೊವ್ ಎಂಬ ಕುಲೀನ ಮೊರೊಯ್ ಹುಡುಗನ ವಿಷಯದಲ್ಲಿ ರೋಸ್ ನಡೆದುಕೊಂಡದ್ದು ಸರಿಯಿಲ್ಲ ಎಂದು ಹೇಳಲೇಬೇಕು. ಕುಡಿತ, ಸಿಗರೇಟು, ಸೋಮಾರಿತನ ಎಲ್ಲ ಇದ್ದರೂ ಅವಳನ್ನು ನಿಜವಾಗಿ ಪ್ರೀತಿಸಿದವನು. ಅವನ ಮನಸ್ಸನ್ನೂ ದುಡ್ಡನ್ನೂ ಬಳಸಿಕೊಂಡು, ಕೊನೆಗೆ ಅವನಿಗೆ ನೆಟ್ಟಗೆ ಹೇಳುವ ಮುಂಚೆಯೇ ಇನ್ನೊಬ್ಬನ ಕಡೆಗೆ ಹೋಗಿಬಿಡುತ್ತಾಳೆ. ಕಥಾನಾಯಕಿಯಾದವಳು ಎಲ್ಲದರಲ್ಲೂ ಸರಿಯಾಗಿರಬೇಕಿಲ್ಲ ನಿಜ. ಆದರೆ ಲೇಖಕಿ ಅದನ್ನು ತಪ್ಪೆಂದು ಗುರುತಿಸಿಯೂ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಸಾಲವನ್ನು ತೀರಿಸಲೆಂಬಂತೆ 2011ರಿಂದ ಅವನನ್ನೂ, ರಷ್ಯಾದಲ್ಲಿ ರೋಸ್‌ಗೆ ಜತೆಯಾಗುವ ಸಿಡ್ನಿ ಎಂಬ ಮನುಷ್ಯ ಹುಡುಗಿಯನ್ನೂ ಇಟ್ಟುಕೊಂಡು ‘ಬ್ಲಡ್‌ಲೈನ್ಸ್’ ಎಂಬ ಇನ್ನೊಂದು ಆರು ಸಂಪುಟದ ಸರಣಿ ಬರೆದರು. ಅದರ ಪ್ರೇಮಕಥೆ ಇದಕ್ಕಿಂತ ಎಷ್ಟೋ ಪಾಲು ಹದವಾಗಿದೆ, ವಯಸ್ಸಿನ ಮುಜುಗರವೂ ಕಾಡುವುದಿಲ್ಲ. ಆದರೆ ರೋಸ್‌ಳ ನಾಲಿಗೆ ಅಲ್ಲಿಲ್ಲವಲ್ಲ!

ರೋಸ್‌ಳ ನಾಲಿಗೆಯ ಬಗ್ಗೆ ಇನ್ನೊಂದು ಮಾತು. ಕಥೆಯನ್ನೆಲ್ಲ ಅವಳೇ ಹೇಳುತ್ತಾಳೆ. ಹಾಸ್ಯ ಚುರುಕು, ವಾಕ್ಯ ಚಿಕ್ಕದು, ಬೈಗುಳ ಧಾರಾಳ. ಪಿಯುಸಿ ಓದುವವರಿಗೆ ಇಂಗ್ಲಿಷ್ ಎಲ್ಲೂ ಅಡ್ಡ ಬರುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಕಾದಂಬರಿ ಹಿಡಿಯಲು ಅಳುಕುವ ಹುಡುಗಿಯರಿಗೆ ನಾನು ಇದನ್ನೇ ಮೊದಲು ಕೊಡುವುದುಂಟು. ಮುಂದೇನಾಯಿತು ಎಂಬ ಕುತೂಹಲ ನಿಘಂಟಿನ ಕೆಲಸವನ್ನು ಅರ್ಧ ಮಾಡಿಬಿಡುತ್ತದೆ. ಹದಿನೈದರ ಕೆಳಗಿನವರಿಗೆ ಕೊಡುವುದಿಲ್ಲ. ರಕ್ತ ಇದೆ, ಮೈಯ ಮಾತಿದೆ, ಕೊಯ್ದುಕೊಳ್ಳುವ ದೃಶ್ಯಗಳಿವೆ. ಆ ನೋವು ತಮ್ಮ ಮನೆಯಲ್ಲೇ ಕಂಡಿರುವವರು ಮೊದಲ ಸಂಪುಟವನ್ನು ಒಬ್ಬರೇ ಕುಳಿತು ಓದದಿರುವುದು ಒಳ್ಳೆಯದು.

2014ರಲ್ಲಿ ಇದು ಸಿನಿಮಾ ಆಯಿತು, ರೋಸ್ ಆಗಿ ಝೋಯಿ ಡಾಯ್ಚ್. ಹುಡುಗಿ ಚೆನ್ನಾಗಿ ನಟಿಸಿದ್ದಾಳೆ, ಸಿನಿಮಾ ಮಾತ್ರ ಇಡೀ ಕಥೆಯನ್ನು ಶಾಲೆಯ ತಮಾಷೆಯಾಗಿಸಿದೆ. ಲಿಸಾಳ ಕತ್ತಲೆ ಅದರಲ್ಲಿ ಹೆಸರಿಗಷ್ಟೇ. 2022ರ ಟಿವಿ ಸರಣಿ ಒಂದೇ ಸೀಸನ್‌ಗೆ ನಿಂತುಹೋಯಿತು. ಎರಡನ್ನೂ ಬಿಟ್ಟರೆ ನಷ್ಟವಿಲ್ಲ. ಪುಸ್ತಕಗಳನ್ನು ಕೊಳ್ಳುವುದಾದರೆ ಆರೂ ಒಟ್ಟಿಗೆ ಬೇಡ. ಮೊದಲನೆಯದನ್ನು ತೆಗೆದುಕೊಂಡು ಓದಿ, ರೋಸ್ ಹಿಡಿಸಿದರೆ ಮುಂದಿನದಕ್ಕೆ ಹೋಗಿ. ಮಧ್ಯದಿಂದ ಹೊಕ್ಕರೆ ಏನೂ ತಲೆಗೆ ಹತ್ತುವುದಿಲ್ಲ. ನಮ್ಮಲ್ಲಿ ಮೂರನೆಯದರ ಪ್ರತಿ ಎರಡಿದೆ, ಬೇಡಿಕೆ ಹಾಗಿದೆ. ಮೊದಲನೆಯದು ಸದ್ಯ ಹೊರಗಿದೆ; ಎರಡನೆಯದರಿಂದಲೇ ಶುರು ಮಾಡುತ್ತೇನೆಂದು ಯಾರೂ ಬಂದು ಹಟ ಹಿಡಿಯಬಾರದು.